ಇಂಗಾಲ ಶಾಖದ ಕಣಜವಲ್ಲ

ಶಾಖವನ್ನು ಕೂಡಿಡುವ ಮಿಶ್ರವಸ್ತುಗಳ ವಿವರಣೆಯಲ್ಲಿ ಗ್ರಾಫೈಟ್, ಗ್ರಾಫೀನ್ ಮುಂತಾದ ಹೆಸರುಗಳೇ ಎದ್ದು ಕಾಣುವುದರಿಂದ, ಶಾಖವನ್ನು ಹಿಡಿದಿಡುವುದು ಇಂಗಾಲವೇ ಎಂಬ ನಂಬಿಕೆ ಬೆಳೆದಿದೆ. ವಾಸ್ತವದಲ್ಲಿ ಆ ಕೆಲಸದ ಬಹುಪಾಲನ್ನು ಮಾಡುವುದು ಅದರ ರಂಧ್ರಗಳಲ್ಲಿ ತುಂಬಿದ, ಕರಗುತ್ತ ಹೆಪ್ಪುಗಟ್ಟುತ್ತ ಇರುವ ಪ್ಯಾರಾಫಿನ್ ಮೇಣದಂಥ ಪದಾರ್ಥ. ಇದಕ್ಕೆ ಸ್ಥಿತಿ ಬದಲಾಯಿಸುವ ವಸ್ತು ಎಂದು ಹೆಸರು. ಇಂಗಾಲವು ಕಣಜವಲ್ಲ, ಕಣಜದ ಬಾಗಿಲು.

ಶಾಖ ಸೇರಿದಂತೆಲ್ಲ ಉಷ್ಣತೆ ಏರಲೇಬೇಕೆಂಬ ಎಣಿಕೆಯೂ ಸರಿಯಲ್ಲ. ಗ್ಲಾಸ್ಗೋದಲ್ಲಿ ಜೋಸೆಫ್ ಬ್ಲ್ಯಾಕ್ 1760ರ ದಶಕದಲ್ಲೇ ತೋರಿಸಿಕೊಟ್ಟಂತೆ, ಕರಗುತ್ತಿರುವ ವಸ್ತು ಉಷ್ಣತೆ ಏರದೆಯೇ ಶಾಖವನ್ನು ಹೀರುತ್ತದೆ. ಹೀಗೆ ಅಡಗುವ ಶಾಖವೇ ಗುಪ್ತೋಷ್ಣ. 1 ಕಿಲೋ ಪ್ಯಾರಾಫಿನ್ ಕರಗುವಾಗ ಸುಮಾರು 200 ಕಿಲೋಜೂಲ್ ಹೀರಿದರೆ, 1 ಕಿಲೋ ನೀರನ್ನು 20 ಡಿಗ್ರಿಯಷ್ಟು ಕಾಯಿಸಿದಾಗ ಅದರಲ್ಲಿ ಸೇರುವುದು ಕೇವಲ 84 ಕಿಲೋಜೂಲ್.

ತೊಡಕಿರುವುದು ಮೇಣದ ಜಡತನದಲ್ಲಿ. ಅದರ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 0.2 ವ್ಯಾಟ್ ಮಾತ್ರವಾದ್ದರಿಂದ, ಹೊರಪದರ ಕರಗಿದರೂ ಒಡಲು ಗಟ್ಟಿಯಾಗಿಯೇ ಉಳಿಯುತ್ತದೆ. ಆಮ್ಲದಲ್ಲಿ ನೆನೆಸಿದ ಗ್ರಾಫೈಟ್ ಚೂರುಗಳನ್ನು ಥಟ್ಟನೆ ತೀವ್ರವಾಗಿ ಕಾಯಿಸಿದರೆ ಅವುಗಳ ಪದರಗಳು ಬಿಡಿಸಿಕೊಂಡು, ಹುಳುವಿನಾಕಾರದ ಹಗುರ ಹಿಗ್ಗಿದ ಗ್ರಾಫೈಟ್ ದೊರೆಯುತ್ತದೆ, ತೂಕದಲ್ಲಿ ಶೇ. 10ರಷ್ಟು ಇದನ್ನು ಬೆರೆಸಿದರೂ ವಾಹಕತೆ ಹಲವು ಪಟ್ಟು ಹೆಚ್ಚುತ್ತದೆ. ಕರಗಿದ ಮೇಣ ಸೋರಿಹೋಗುತ್ತದೆ ಎಂಬ ಅನುಮಾನಕ್ಕೂ ಉತ್ತರ ಇಲ್ಲೇ ಇದೆ: ಸೂಕ್ಷ್ಮ ರಂಧ್ರಗಳ ಲೋಮನಾಳ ಸೆಳೆತವು ದ್ರವವನ್ನು ಬಹುಮಟ್ಟಿಗೆ ಹಿಡಿದಿಡುವುದರಿಂದ ಇಡೀ ತುಂಡು ತನ್ನ ಆಕಾರವನ್ನು ಕಳೆದುಕೊಳ್ಳುವುದಿಲ್ಲ.

ಹಾಗಾದರೆ ಇಂಗಾಲ ಹೆಚ್ಚಿದಷ್ಟೂ ಲಾಭವೇ? ಇಲ್ಲ, ಶೇ. 10ರಷ್ಟು ಮೇಣದ ಜಾಗವನ್ನು ಗ್ರಾಫೈಟ್ ಆಕ್ರಮಿಸಿದರೆ 200 ಕಿಲೋಜೂಲ್ ಗುಪ್ತೋಷ್ಣ ಸುಮಾರು 180ಕ್ಕೆ ಇಳಿಯುತ್ತದೆ. ಗ್ರಾಫೀನ್‌ನ ಕೀರ್ತಿಯನ್ನೂ ಸ್ವಲ್ಪ ತಗ್ಗಿಸಿಯೇ ನೋಡಬೇಕು. ಒಂಟಿ ಹಾಳೆಯಲ್ಲಿ ಸಾವಿರಾರು ವ್ಯಾಟ್‌ನಷ್ಟಿರುವ ಅದರ ವಾಹಕತೆ, ಪುಡಿಯಾಗಿ ಚದುರಿದಾಗ ಹಾಳೆ ಮತ್ತು ಮೇಣ ಕೂಡುವ ಪ್ರತಿಯೊಂದು ಗಡಿಯಲ್ಲಿಯೂ ಶಾಖ ತಡೆಯುಂಡು ಕುಂದುತ್ತದೆ. ಆದ್ದರಿಂದ ಬಿಡಿಬಿಡಿಯಾದ ದುಬಾರಿ ಪುಡಿಗಿಂತ, ಎಡೆಬಿಡದೆ ಹೆಣೆದುಕೊಂಡ ಅಗ್ಗದ ಗ್ರಾಫೈಟ್ ಜಾಲವೇ ಎಷ್ಟೋ ವೇಳೆ ಮೇಲು.

ವಿದ್ಯುತ್ ವಾಹನದ ಬ್ಯಾಟರಿಗೆ ಇಂಥ ಹೊದಿಕೆ ಹಾಕಿದರೆ ಅದು ಸದಾ ತಂಪಾಗಿರುತ್ತದೆ ಎಂಬುದೂ ಅರ್ಧಸತ್ಯ. ಮೇಣವೆಲ್ಲ ಕರಗಿದ ಮೇಲೆ ಉಷ್ಣತೆ ಮತ್ತೆ ಏರತೊಡಗುತ್ತದೆ, ಮತ್ತು ಹೀರಿದ ಶಾಖವನ್ನು ಹೊರಗೆ ಬಿಟ್ಟು ಹೆಪ್ಪುಗಟ್ಟುವವರೆಗೆ ಹೊದಿಕೆ ಮುಂದಿನ ಸರದಿಗೆ ಸಿದ್ಧವಾಗುವುದಿಲ್ಲ. ಅದಲ್ಲದೆ, ಗ್ರಾಫೈಟ್ ಬೆರೆಸಿದ ಮಾತ್ರಕ್ಕೆ ಪ್ಯಾರಾಫಿನ್ ಉರಿಯುವ ಗುಣವನ್ನು ಬಿಡುವುದಿಲ್ಲ.