ಕೆರೆಯ ಏರಿಯ ಮೇಲೆ ಹೊಳೆದ ಸಮಾಜ

ಎಡ್ಮಂಡ್ ಬರ್ಕ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಆದರೂ 1785ರ ಫೆಬ್ರವರಿ 28ರಂದು ಬ್ರಿಟನ್ನಿನ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಕೆರೆಗಳ ಬಗ್ಗೆ ಮಾತಾಡಿದ. ಮದ್ರಾಸಿನ ಸುತ್ತಣ ಈಸ್ಟ್ ಇಂಡಿಯಾ ಕಂಪನಿಯ ಜಹಗೀರಿನ ಒಂದೇ ನಕ್ಷೆಯಲ್ಲಿ 1,100ಕ್ಕೂ ಹೆಚ್ಚು ಕೆರೆಗಳಿದ್ದವು. ಎರಡು ಮೂರು ಎಕರೆಯ ಕಟ್ಟೆಗಳಿಂದ ಹಿಡಿದು ಐದು ಮೈಲಿ ಸುತ್ತಳತೆಯವರೆಗೆ. ಮಣ್ಣಿನ ಏರಿ, ಕಲ್ಲುಕಟ್ಟಡದ ತೂಬು, ಕಾಲುವೆಯ ಹೂಳೆತ್ತುವ ಖರ್ಚು, ಎಲ್ಲವನ್ನೂ ಊರ ನೀರುಗಂಟಿಯ ಕಾಳಜಿಯಿಂದ ಅವನು ವಿವರಿಸಿದ.

ಅಂದಿನ ಚರ್ಚೆ ಆರ್ಕಾಟಿನ ನವಾಬನ ಸಾಲದ್ದು. ಕಂಪನಿಯ ನೌಕರರೇ ನವಾಬನಿಗೆ ವಿಪರೀತ ಬಡ್ಡಿಗೆ ಸಾಲ ಕೊಟ್ಟಿದ್ದರು. ಅದನ್ನು ವಿಚಾರಣೆಯಿಲ್ಲದೆ ನಾಡಿನ ಕಂದಾಯದಿಂದಲೇ ತೀರಿಸಲು ಸರ್ಕಾರ ಒಪ್ಪಿತ್ತು. 1780ರಲ್ಲಿ ಹೈದರ್ ಅಲಿ ಘಟ್ಟ ಇಳಿದು ನುಗ್ಗಿದಾಗ ಹಾಳಾದ ಸೀಮೆ ಅದು. ಇದ್ದಬದ್ದ ದುಡ್ಡೆಲ್ಲ ಸಾಲ ಕೊಟ್ಟವರ ಪಾಲಾದರೆ ಒಡೆದ ಏರಿ ಕಟ್ಟುವವರು ಯಾರು? ಈ ಕೆರೆಗಳನ್ನು ಕಟ್ಟಿಸಿದವರು ಇನ್ನೂ ಹುಟ್ಟದ ಪೀಳಿಗೆಗಳನ್ನು ತಮ್ಮ ಮಕ್ಕಳೆಂದುಕೊಂಡವರು, ಸತ್ತ ಮೇಲೂ ಉಪಕಾರ ಮಾಡಬಯಸಿದವರು ಎಂದು ಬರ್ಕ್ ವಾದಿಸಿದ. ಸಭೆ ಅವನ ಮಾತಿಗೆ ಒಪ್ಪಲಿಲ್ಲ.

ಬರ್ಕ್ ಇಂದು ನೆನಪಾಗುವುದು ಸಂಪ್ರದಾಯವಾದದ ಚಿಂತಕನಾಗಿ. ಆ ವಾದದ ಮೂಲವನ್ನು ಎಲ್ಲರೂ ಹುಡುಕುವುದು ಫ್ರಾನ್ಸಿನ ಕ್ರಾಂತಿಯ ಕುರಿತ ಅವನ 1790ರ ಪುಸ್ತಕದಲ್ಲಿ. 1789ರ ನವೆಂಬರ್ 4ರಂದು ಲಂಡನ್ನಿನಲ್ಲಿ ರಿಚರ್ಡ್ ಪ್ರೈಸ್ ಎಂಬ ಪಾದ್ರಿ, ಆಳುವವರನ್ನು ಆರಿಸುವ, ಕೆಟ್ಟರೆ ಕಿತ್ತುಹಾಕುವ ಹಕ್ಕು ಜನರದ್ದೆಂದು ಬೋಧಿಸಿದ. ಅದೇ ಹೊತ್ತಿಗೆ ಫ್ರಾನ್ಸಿನ ತರುಣನೊಬ್ಬ ಕ್ರಾಂತಿಯ ಬಗ್ಗೆ ಬರ್ಕನ ಅಭಿಪ್ರಾಯ ಕೇಳಿ ಕಾಗದ ಬರೆದಿದ್ದ. ಅವನಿಗೆ ಬರೆಯಹೊರಟ ಉತ್ತರವೇ ಬೆಳೆದು ಗ್ರಂಥವಾಯಿತು. ರೂಸೋ 1762ರಲ್ಲಿ ಪ್ರಸಿದ್ಧಗೊಳಿಸಿದ್ದ ‘ಸಾಮಾಜಿಕ ಒಪ್ಪಂದ’ವನ್ನು ಬರ್ಕ್ ಅಲ್ಲಿ ಬೇರೆಯೇ ದಿಕ್ಕಿಗೆ ತಿರುಗಿಸಿದ: ಒಪ್ಪಂದ ಹೌದು, ಆದರೆ ಬದುಕಿರುವವರ ನಡುವೆ ಮಾತ್ರವಲ್ಲ, ಸತ್ತವರೂ ಹುಟ್ಟಬೇಕಾದವರೂ ಅದರ ಪಾಲುದಾರರು.

ಪ್ಯಾರಿಸ್ಸಿನ ಗಲಭೆಗೆ ಬೆದರಿ ಹುಟ್ಟಿದ ವಿಚಾರ ಇದು ಎನ್ನುವುದು ವಾಡಿಕೆ. ನನಗೆ ಹಾಗನ್ನಿಸುವುದಿಲ್ಲ. ಕೆರೆಯ ಮಾತನ್ನೂ ಒಪ್ಪಂದದ ಮಾತನ್ನೂ ಒಟ್ಟಿಗೆ ಓದಿದರೆ ಒಂದೇ ನೀರು ಹರಿಯುವುದು ಕಾಣುತ್ತದೆ. ಸಮಾಜವೆಂದರೆ ಪಿತ್ರಾರ್ಜಿತವೆಂಬ ಅರಿವು ಅವನಿಗೆ ಗಟ್ಟಿಯಾದದ್ದು ಕಂಪನಿಯ ಲೆಕ್ಕಪತ್ರ ತಿರುವುತ್ತಾ, ಪರರ ಕೈಗೆ ಸಿಕ್ಕಿ ಒಂದು ನಾಡು ಒಣಗುವುದನ್ನು ನೋಡುತ್ತಾ. ಅವನು ಡಬ್ಲಿನ್ನಿನವನು, ತಾಯಿ ಕ್ಯಾಥೊಲಿಕ್. ಹೊರಗಿನವರ ಕಾನೂನು ಮನೆಯೊಳಗೆ ಹೊಕ್ಕರೆ ಏನಾಗುತ್ತದೆಂದು ಬಲ್ಲವನು.

ಆದರೆ ಸಂಪ್ರದಾಯವಾದಿಗಳೆಲ್ಲ ಈ ದಾರಿ ಹಿಡಿಯಲಿಲ್ಲ. 1792ರಲ್ಲಿ ಫ್ರೆಂಚ್ ಸೈನ್ಯ ನುಗ್ಗಿದಾಗ ಸವೋಯ್ ಬಿಟ್ಟು ಓಡಿದ ಚಿಂತಕ ಜೋಸೆಫ್ ದ ಮೇಸ್ತ್ರನಿಗೆ ಸಮಾಜ ದೇವರ ಕಟ್ಟಡ. ಮನುಷ್ಯ ಕಾಗದದ ಮೇಲೆ ಸಂವಿಧಾನ ಬರೆದು ರಾಷ್ಟ್ರ ಕಟ್ಟಲಾರ. ಇಪ್ಪತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞ ಹಾಯೆಕ್‌ಗೆ ಸಮಾಜ ಯಾರೂ ಯೋಜಿಸದೆ ತಾನಾಗಿ ಬೆಳೆದ ವ್ಯವಸ್ಥೆ. ತಾನು ಸಂಪ್ರದಾಯವಾದಿಯಲ್ಲ ಎಂದು 1960ರಲ್ಲಿ ಅವನೇ ಬರೆದರೂ ಬ್ರಿಟನ್ನಿನ ಸಂಪ್ರದಾಯವಾದಿಗಳಲ್ಲಿ ಹಲವರು ಅವನನ್ನು ಗುರುವೆಂದರು. 1987ರಲ್ಲಿ ಅಲ್ಲಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಸಂದರ್ಶನವೊಂದರಲ್ಲಿ, ಸಮಾಜ ಎಂಬುದೇ ಇಲ್ಲ, ಇರುವುದು ವ್ಯಕ್ತಿಗಳು ಮತ್ತು ಕುಟುಂಬಗಳು ಎಂದರು. ನೆರೆಯವರ ಕಷ್ಟಕ್ಕೆ ಆಗಬೇಕು ಎಂದೂ ಅದೇ ಉಸಿರಿನಲ್ಲಿ ಹೇಳಿದ್ದರು, ಅದನ್ನು ಜನ ಮರೆತಿದ್ದಾರೆ.

ಇವರಲ್ಲಿ ನನ್ನ ಮನಸ್ಸು ವಾಲುವುದು ಬರ್ಕನ ಕಡೆಗೇ. ಆದರೆ ಅವನು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ: ಹಿರಿಯರು ಬಿಟ್ಟುಹೋದ ಕೆರೆಗೆ ಇಳಿಯುವ ಪಾಲು ಯಾರಿಗಿತ್ತು? ಮಹಾರಾಷ್ಟ್ರದ ಮಹಾಡದ ಪುರಸಭೆ 1924ರಲ್ಲೇ ಚವದಾರ್ ಕೆರೆ ಎಲ್ಲರದ್ದೆಂದು ಠರಾವು ಮಾಡಿತ್ತು. ಆದರೂ ಅಸ್ಪೃಶ್ಯರೆನಿಸಿಕೊಂಡವರಿಗೆ ಅಲ್ಲಿ ಇಳಿಯಲು ಆಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಡನೆ ಅಲ್ಲಿಗೆ ನಡೆದು, ಬಗ್ಗಿ, ನೀರು ಕುಡಿದರು.