ತಲೆಕಟ್ಟು ಬೀಳುವ ಮುಂಚೆ

ಆದವಾನಿಯ ಹತ್ತಿ ಮಾರುಕಟ್ಟೆಯ ಕಡೆಗೆ ಹೋಗುವ ರಸ್ತೆ. ಬೆಳಗಿನ ಎಂಟು ಗಂಟೆ. ಮುಚ್ಚಿದ ಅಂಗಡಿಯೊಂದರ ಮುಂದೆ ಕಬ್ಬಿಣದ ಸ್ಟೂಲಿನ ಮೇಲೆ ನಿಂತು ಒಬ್ಬ ಹಿರಿಯರು ತಗಡಿನ ಬೋರ್ಡಿಗೆ ಬಣ್ಣ ಹಚ್ಚುತ್ತಿದ್ದರು. ಬಿಳಿ ನೆಲ, ಕೆಂಪು ಅಕ್ಷರ. ಮೇಲೊಂದು ಸಾಲು, ಕೆಳಗೊಂದು ಸಾಲು. ಎರಡರಲ್ಲೂ ಅಕ್ಷರಗಳಿಗೆ ತಲೆ ಇರಲಿಲ್ಲ. ಒಂದು ಸುರುಳಿ, ಒಂದು ಕಮಾನು, ಒಂದು ದುಂಡು ಮಾತ್ರ. ದಿಟ್ಟಿಸಿ ನೋಡಿದ ಮೇಲೆ ಅದು ‘ನಗರ’ ಎಂಬ ಪದದ ಮೈ ಎಂದು ಹೊಳೆಯಿತು.

“ಯಾವುದು ತೆಲುಗು, ಯಾವುದು ಕನ್ನಡ ಯಜಮಾನ್ರೇ?” ಅಂದೆ.

ಅವರು ತಿರುಗಲಿಲ್ಲ. “ಇನ್ನಾ ಏನೂ ಆಗಿಲ್ಲರಿ. ತಲಿಕಟ್ಟು ಬಿದ್ದ ಮ್ಯಾಲೆ ಆಗ್ತೈತಿ.”

ಕುಂಚವನ್ನು ಡಬ್ಬಿಯ ಅಂಚಿಗೆ ಒತ್ತಿ ಹೆಚ್ಚಿನ ಬಣ್ಣ ಇಳಿಸಿದರು. ಮೇಲಿನ ಸಾಲಿನ ಮೂರು ಅಕ್ಷರಗಳ ನೆತ್ತಿಗೆ ಒಂದೊಂದು ಗೀಟು ಕೆಳಗಿಳಿಸಿ ಮೇಲಕ್ಕೆ ಹಾರಿಸಿದರು, ಮೇಷ್ಟ್ರು ಉತ್ತರಪತ್ರಿಕೆಯ ಮೇಲೆ ಹಾಕುವ ರೈಟು ಗುರುತಿನಂತೆ. ಅದು ತೆಲುಗಾಯಿತು. ಸ್ಟೂಲು ಇಳಿದು, ಕೆಳಗಿನ ಸಾಲಿಗೆ ಬಂದು, ಅದೇ ಮೂರು ಮೈಗಳ ಮೇಲೆ ಗೀಟನ್ನು ಅಡ್ಡ ಮಲಗಿಸಿ ತುದಿಯಲ್ಲಿ ಮೆಲ್ಲಗೆ ಸುತ್ತಿದರು. ಅದು ಕನ್ನಡವಾಯಿತು. ಒಂದು ನಿಮಿಷವೂ ಹಿಡಿಯಲಿಲ್ಲ. ಲಿಪಿಗಳ ಚರಿತ್ರೆಯನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಒಂದೇ ತೆಲುಗು-ಕನ್ನಡ ಲಿಪಿಯಿಂದ ಎರಡೂ ಕವಲೊಡೆದವೆಂದೂ, ಹತ್ತೊಂಬತ್ತನೆಯ ಶತಮಾನದಲ್ಲಿ ಅಚ್ಚಿನ ಮೊಳೆಗಳು ಬಂದಮೇಲೆ ಆ ಬೇರೆತನ ಗಟ್ಟಿಯಾಯಿತೆಂದೂ ಗೊತ್ತಿತ್ತು. ಆದರೆ ಆ ಕವಲು ಒಡೆಯುವ ಗಳಿಗೆಯನ್ನು ಕಣ್ಣಾರೆ ಕಂಡದ್ದು ಆವತ್ತೇ.

ಅವರು ಮಾತಿಗೆ ಕೂತದ್ದು ಒಗ್ಗಾಣಿ ಬಂದ ಮೇಲೆ. ಬಳ್ಳಾರಿಯಲ್ಲಿ ನಾವು ಒಗ್ಗಾಣಿ ಅನ್ನುವ ಮಂಡಕ್ಕಿ ಇಲ್ಲಿ ಉಗ್ಗಾನಿ. ಜೊತೆಗೆ ಮೆಣಸಿನಕಾಯಿ ಬಜ್ಜಿ ಎರಡೂ ಕಡೆ ತಪ್ಪುವುದಿಲ್ಲ. ಕಾಗದದ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಅವರು ಅಕ್ಷರಗಳ ಬಗ್ಗೆ ಹೇಳತೊಡಗಿದರು, ಮನೆಯ ಮಕ್ಕಳ ಬಗ್ಗೆ ಹೇಳುವ ಹಾಗೆ.

“ಗ ಅಂದ್ರ ಬಾಕ್ಲು. ಕಮಾನು ಇಕ್ಕಟ್ಟಾತಂದ್ರ ಅಂಗಡಿಯೊಳಗ ಯಾರೂ ಬರಲ್ಲ. ರ ಅಂದ್ರ ರೊಟ್ಟಿ. ಬಡದಿದ್ದು ದುಂಡಗ ಬರಬೇಕು. ಅಳತಿ ಮಾಡಿ ಬಡದ್ರ ಅದು ರೊಟ್ಟಿ ಅಲ್ಲ.”

“ತಲೆಕಟ್ಟು?”

“ತೆಲುಗಿಂದು ಹಾರ್ತೈತಿ. ನಮ್ದು ಮಲಗ್ತೈತಿ. ಕೈಗೆ ಎರಡೂ ಬೇಕು.”

ಆ ‘ನಮ್ದು’ ಎಂಬ ಮಾತನ್ನು ಅವರು ಒತ್ತಿ ಹೇಳಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕಲಿತದ್ದು ತೆಲುಗು, ಮಸೀದಿ ಬೀದಿಯ ಗಿರಾಕಿಗಳ ಜೊತೆ ದಖ್ಖನಿ. ಆದವಾನಿ, ಆಲೂರು, ರಾಯದುರ್ಗ ಮೂರೂ ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯ ತಾಲ್ಲೂಕುಗಳಾಗಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಈ ಮೂರು ಆಂಧ್ರಕ್ಕೆ ಹೋದವು. ಬಳ್ಳಾರಿ ಮೈಸೂರಿಗೆ ಬಂತು. ಅಂದಿನಿಂದ ಇಲ್ಲಿನ ಕಚೇರಿಯ ಬೋರ್ಡುಗಳಲ್ಲಿ ಗೀಟು ಹಾರುತ್ತಲೇ ಇದೆ. ಹೊಳಗುಂದ, ಕೌತಾಳಂ, ಹಾಲಹರವಿಯ ಕಡೆಯಿಂದ ಬರುವ ಕನ್ನಡದ ಗಿರಾಕಿಗಾಗಿ ಅಂಗಡಿಯವರು ಕೆಳಗೊಂದು ಸಾಲು ಮಲಗಿಸುತ್ತಾರೆ. ಅದನ್ನು ಯಾವ ಸರ್ಕಾರವೂ ಹೇಳಿ ಬರೆಸುವುದಿಲ್ಲ.

ಫ್ಲೆಕ್ಸು ಬಂದಮೇಲೆ ಕೆಲಸ ಇಳಿದಿದೆ ಎಂದರು. ಈಗ ಹೆಚ್ಚಾಗಿ ಗುಡಿಯ ಗೋಡೆ, ಲಾರಿಯ ಹಿಂಬದಿ, ಹತ್ತಿ ಪ್ರೆಸ್ಸಿನವರ ಬೇಲಿನ ಮೇಲೆ ಒತ್ತುವ ತಗಡಿನ ಅಚ್ಚು ಕೊರೆದುಕೊಡುವ ಕೆಲಸ. ಫ್ಲೆಕ್ಸಿನ ಅಕ್ಷರ ನೋಡಿದರೆ ಏನನ್ನಿಸುತ್ತದೆ ಎಂದು ಕೇಳಿದೆ. ಬಜ್ಜಿಯ ಎಣ್ಣೆಯನ್ನು ಕಾಗದಕ್ಕೆ ಒರೆಸಿ, “ಎಲ್ಲ ಊರಿನ ಗ ಒಂದ ಥರ ಆಗೇತಿ,” ಅಂದರು. ಅಷ್ಟೇ. ದೂರು ಹೇಳುವ ದನಿ ಅದಾಗಿರಲಿಲ್ಲ. ನನಗೆ ಮಾತ್ರ ಅದು ಇಡೀ ದಿನ ಕಿವಿಯಲ್ಲಿ ಉಳಿಯಿತು.

ಅಲ್ಲಿಂದ ತಲೆಯೆತ್ತಿದರೆ ಬೆಟ್ಟದ ಮೇಲೆ ಕೋಟೆ. ಈ ಊರಿಗೆ ಚಿತ್ರ ಹೊಸದಲ್ಲ. ಬಿಜಾಪುರದ ಆದಿಲಶಾಹಿಯ ಕಡೆಯ ದಿನಗಳಲ್ಲಿ ಇಲ್ಲಿ ಆಳಿದ ಸಿದ್ದಿ ಮಸೂದ್ ಖಾನ್ ಊರಿನ ಜಾಮಿಯಾ ಮಸೀದಿಯನ್ನು ಕಟ್ಟಿಸಿದವನು. ಚಿತ್ರಗಳ ಮೇಲೂ ಅವನಿಗೆ ಪ್ರೀತಿ. ಔರಂಗಜೇಬನ ಸೈನ್ಯಕ್ಕೆ ಕೋಟೆ ಶರಣಾದ ಮೇಲೆ ಇಲ್ಲಿದ್ದ ಚಿತ್ರಗಳು ಮೊಗಲರ ಪರವಾಗಿ ದಖ್ಖನಿನಲ್ಲಿದ್ದ ಬಿಕಾನೇರಿನ ರಾಜ ಅನೂಪ್‌ಸಿಂಗನ ಕೈಸೇರಿ ಮರುಭೂಮಿಯ ಅರಮನೆಗೆ ಹೋದವು. ಆ ರಾಜ 1698ರಲ್ಲಿ ತೀರಿಕೊಂಡದ್ದು ಆದವಾನಿಯಲ್ಲೇ. ದಖ್ಖನಿ ಚಿತ್ರಕಲೆಯನ್ನು ಓದುವವರಿಗೆ ಬಿಕಾನೇರಿನ ಸಂಗ್ರಹ ದೊಡ್ಡ ಆಸರೆ. ಇಲ್ಲಿ ಉಳಿದದ್ದು ಮಸೀದಿಯ ಕಲ್ಲಿನ ಕೆತ್ತನೆ. ಹೊತ್ತುಕೊಂಡು ಹೋಗಲಾಗದ್ದು ಉಳಿಯಿತು.

ಬೋರ್ಡಿನ ಹಿರಿಯರೇ ದಾರಿ ತೋರಿಸಿದ ಒಂದು ಪ್ರೆಸ್ಸಿಗೆ ಹೋದೆ. ಮದುವೆ ಕಾರ್ಡು, ಕರಪತ್ರ, ಬಿಲ್ ಬುಕ್ಕು ಅಚ್ಚು ಹಾಕುವ ಚಿಕ್ಕ ಜಾಗ. ಮೂಲೆಯಲ್ಲಿ ಟ್ರೆಡಲ್ ಮಷಿನ್ನಿನ ಮೇಲೆ ಕಾಗದದ ರೀಮುಗಳನ್ನು ಪೇರಿಸಿದ್ದಾರೆ. ಅದು ತಿರುಗಿ ವರ್ಷಗಳಾಗಿವೆ. ಕಂಪ್ಯೂಟರಿನ ಮುಂದೆ ಕೂತ ಹುಡುಗ ತೆಲುಗು ಬೆರಳಚ್ಚು ಮಾಡುತ್ತಾನೆ. ಕನ್ನಡಕ್ಕೆ ನುಡಿ ತಂತ್ರಾಂಶ ತೆರೆಯುತ್ತಾನೆ. ಹೆಣ್ಣಿನ ಕಡೆ ಆದವಾನಿ, ಗಂಡಿನ ಕಡೆ ಸಿರುಗುಪ್ಪ. ಒಂದೇ ಮದುವೆ, ಎರಡು ಕಾರ್ಡು. ಇಂಥವು ಪ್ರತಿ ಲಗ್ಗನದ ಕಾಲದಲ್ಲೂ ಬರುತ್ತವಂತೆ.

ಕಂಪ್ಯೂಟರಿನ ಹುಡುಗನ ತಂದೆ ಮೊಳೆ ಜೋಡಿಸಿದವರು. ಖಾನೆಗಳ ಪೆಟ್ಟಿಗೆಯನ್ನು ಈಗಲೂ ಇಟ್ಟುಕೊಂಡಿದ್ದಾರೆ. ಒಂದು ಖಾನೆ ಎಳೆದು ತೋರಿಸಿದರು. ಸೀಸದ ಮೊಳೆಗಳು ಧೂಳು ಹಿಡಿದು ಬೂದುಬಣ್ಣಕ್ಕೆ ತಿರುಗಿವೆ. ಅಕ್ಷರಗಳು ಕನ್ನಡಿಯಲ್ಲಿ ಕಂಡಂತೆ ತಿರುವಾಗಿವೆ. ಒಂದನ್ನು ಎತ್ತಿ ಬೆರಳ ತುದಿಯಲ್ಲಿ ತಡವಿ, ನೋಡದೆಯೇ, “ಒತ್ತು, ತ,” ಅಂದರು. ಅವರ ಮಾತಿನಲ್ಲಿ ನಾನು ಹೆಚ್ಚು ಕೇಳಿದ್ದು ಜಾಗದ ಬಗ್ಗೆ. ಎರಡು ಪದಗಳ ನಡುವೆ ಎಷ್ಟು ಬಿಡಬೇಕು, ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಕದಂತೆ ಹೇಗೆ ಎತ್ತಬೇಕು, ಹೆಸರಿನ ಹಿಂದೆ ಮುಂದೆ ಎಷ್ಟು ಉಸಿರಿರಬೇಕು. ಓದುವವನಿಗೆ ಕಾಣದ ಕೆಲಸ ಅದು. ಸಾಲು ಚಂದವಾಗಿದೆ ಎಂದಷ್ಟೇ ಅವನಿಗೆ ಅನ್ನಿಸುತ್ತದೆ.

1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ, ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ. ಕನ್ನಡ ಅಚ್ಚಿನ ಮೊದಲ ಅಧ್ಯಾಯಗಳಲ್ಲಿ ಈ ಸೀಮೆಯ ಹೆಸರು ಹಾಗೆ ಸೇರಿಕೊಂಡಿತು. ಆದರೆ ಪ್ರಕಟಣೆ ಎಂದರೆ ಸೀಸದ ಮೊಳೆಯೇ ಆಗಬೇಕೆಂದು ನನಗೆ ಅನ್ನಿಸುವುದಿಲ್ಲ. ಆಲೂರಿನಾಚೆ, ಗುಂತಕಲ್ಲಿಗೆ ಹತ್ತಿರದಲ್ಲಿ ಚಿಪ್ಪಗಿರಿ ಇದೆ. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು 1755ರಲ್ಲಿ ದೇಹ ಬಿಟ್ಟದ್ದು ಅಲ್ಲಿ. ಕಾರ್ತಿಕ ಶುದ್ಧ ದಶಮಿಗೆ ಅವರ ಕಟ್ಟೆಯ ಮುಂದೆ ಇಂದಿಗೂ ಅವರ ಸುಳಾದಿಗಳನ್ನು ಹಾಡುತ್ತಾರೆ. ತಂಬೂರಿ, ತಾಳ, ಕೊನೆಯಲ್ಲಿ ‘ವಿಜಯವಿಠಲ’ ಎಂಬ ಅಂಕಿತ. ಬರೆದವನ ಹೆಸರು ಹೊತ್ತ ಹಾಳೆ ಇಲ್ಲದೆಯೂ ಒಂದು ರಚನೆ ಊರಿಂದೂರಿಗೆ ಹೋಗಿ ಎರಡೂವರೆ ಶತಮಾನ ಬಾಳಿದ್ದಕ್ಕಿಂತ ದೊಡ್ಡ ಪ್ರಕಟಣೆ ಯಾವುದಿದೆ?

ಪ್ರೆಸ್ಸಿನಿಂದ ಹೊರಡುವಾಗ ಮೊಳೆ ಜೋಡಿಸಿದ ಆ ಹಿರಿಯರು ಒಂದು ಮಾತು ಹೇಳಿದರು. “ಎಮ್ಮಿಗನೂರಿಗೆ ಹೋದ್ರ ಅಲ್ಲೂ ಅಚ್ಚೈತಿ. ನಮ್ದು ಕಾಗದಕ್ಕ ಒತ್ತೋದು. ಅವರದು ಎಳಿ ತೂರಿಸೋದು.”

ನಿಜ. ಮಗ್ಗದಲ್ಲಿ ಹಾಸಿನ ಎಳೆಗಳು ಒಂದೊಂದಾಗಿ ತೂರಿ ಬರುವ ಹಲ್ಲುಪಟ್ಟಿಗೂ ಅಚ್ಚು ಎಂದೇ ಹೆಸರು. ಆ ಒಂದು ಪದ ಹಿಡಿದುಕೊಂಡು ಬಸ್ಸು ಹತ್ತಿದೆ. ಎರಡೂ ಬದಿಗೆ ಎರೆಮಣ್ಣು, ಬಿರಿದ ಹತ್ತಿ, ಅಲ್ಲಲ್ಲಿ ಜೋಳ.

ಎಮ್ಮಿಗನೂರಿನಲ್ಲಿ ನೇಕಾರರ ಓಣಿ ಕಣ್ಣಿಗೆ ಕಾಣುವ ಮೊದಲು ಕಿವಿಗೆ ಸಿಗುತ್ತದೆ. ಲಾಳಿ ಓಡಿದ ಸದ್ದು, ಹಲಗೆ ಬಡಿದ ಸದ್ದು, ನಡುವೆ ಕ್ಷಣದ ಬಿಡುವು. ಈಗ ಆ ಬಿಡುವು ಉದ್ದವಾಗಿದೆ. ಹಲವು ಮನೆಗಳಲ್ಲಿ ಮಗ್ಗದ ಕುಣಿಗೆ ಹಲಗೆ ಮುಚ್ಚಿದ್ದಾರೆ. ನೂಲಿಗಾಗಿ ಸಾಹುಕಾರನ ಬಾಗಿಲಲ್ಲಿ ನಿಲ್ಲುತ್ತಿದ್ದ ನೇಕಾರರನ್ನು ಒಂದುಗೂಡಿಸಿ ಮಾಚಾನಿ ಸೋಮಪ್ಪನವರು 1938ರಲ್ಲಿ ಇಲ್ಲಿ ನೇಕಾರರ ಸಹಕಾರ ಸಂಘ ಕಟ್ಟಿದರು. ನೂಲು ಸಂಘದ್ದು, ನೇಯ್ಗೆ ನೇಕಾರನದು, ಮಾರಾಟ ಮತ್ತೆ ಸಂಘದ್ದು. ನೇಕಾರರಿಗೆಂದೇ ಮನೆಗಳ ಕಾಲೊನಿ ಎದ್ದಿತು. ಎಮ್ಮಿಗನೂರಿನ ದುಪ್ಪಟಿ, ಟವೆಲ್ಲುಗಳು ದೂರದ ಊರುಗಳ ಮಂಚ ಸೇರಿದವು. ಪದ್ಮ ಪ್ರಶಸ್ತಿಗಳು ಶುರುವಾದ 1954ರಲ್ಲೇ ಸೋಮಪ್ಪನವರಿಗೆ ಪದ್ಮಶ್ರೀ ಬಂತು. ಒಬ್ಬ ವಿನ್ಯಾಸಕಾರ ಬಟ್ಟೆಯ ಅಂಚನ್ನು ಯೋಚಿಸುವ ಹಾಗೆ ಅವರು ನೇಕಾರನ ದಿನವನ್ನು ಯೋಚಿಸಿದರು ಎಂದು ನನಗನ್ನಿಸುತ್ತದೆ.

ನಾನು ಕೂತ ಮನೆಯಲ್ಲಿ ಮಗ್ಗ ನಡೆಯುತ್ತಿತ್ತು. ನೇಯುವವರು ಕುಣಿಯಲ್ಲಿ ಕಾಲಿಳಿಸಿ ಕೂತಿದ್ದರು. ಅವರ ಹೆಂಡತಿ ಗೋಡೆಗೆ ಒರಗಿ ರಾಟಿಯಲ್ಲಿ ಕಂಡಿಕೆ ಸುತ್ತುತ್ತಿದ್ದರು. ಮಗ್ಗದ ಕಂಬಕ್ಕೆ ಒಂದು ಚೀಟಿ ಸಿಕ್ಕಿಸಿತ್ತು. ಅದರಲ್ಲಿ ಚಿತ್ರವಿಲ್ಲ, ಬರೀ ಅಂಕಿ: ನೀಲಿ 12, ಬಿಳಿ 4, ನೀಲಿ 2, ಬಿಳಿ 2, ಕೆಂಪು 8.

“ಡಿಸೈನು ಇದರಾಗ ಐತೇನಣ್ಣ?”

“ಚೀಟಿಯಾಗ ಲೆಕ್ಕ ಐತಿ. ಡಿಸೈನು ಆಕಿ ಹತ್ರ ಐತಿ,” ಎಂದು ಹೆಂಡತಿಯ ಕಡೆ ಗದ್ದ ಎತ್ತಿದರು.

ಆಕೆ ನಕ್ಕರು. ರಾಟಿ ನಿಲ್ಲಿಸಲಿಲ್ಲ. ಕೆಂಪಿನ ಪಕ್ಕ ನೀಲಿ ನೇರ ಬಂದರೆ ಎರಡೂ ಜಗಳವಾಡುತ್ತವೆ, ನಡುವೆ ಎರಡು ಎಳೆ ಬಿಳಿ ಇಟ್ಟರೆ ಕೆಂಪು ಕೆಂಪಾಗಿಯೇ ಇರುತ್ತದೆ ಎಂದರು. ಅತ್ತೆ ಹೇಳಿಕೊಟ್ಟದ್ದಂತೆ. ಆಮೇಲೆ ತಾವೇ ಎದ್ದು ಬಂದು, ನೆಯ್ದ ಬಟ್ಟೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿದರು. “ನೋಡ್ರಿ, ಇಲ್ಲಿ ಬಿಳಿ ಕಾಣಲ್ಲ. ಆದ್ರ ತಗದ್ರ ಗೊತ್ತಾಗ್ತೈತಿ.” ಮೊಳೆ ಜೋಡಿಸಿದವರು ಎರಡು ಪದಗಳ ನಡುವಿನ ಜಾಗದ ಬಗ್ಗೆ ಹೇಳಿದ್ದು ಇದನ್ನೇ.

ಎಳೆ ಕಡಿದಾಗ ನೇಯುವವರು ಹಾಸಿನ ಮೇಲೆ ಬಾಗಿ ಎಣಿಸುತ್ತಿದ್ದರು. ತುಟಿ ಅಲುಗುತ್ತಿತ್ತು. ಒಂದು, ಎರಡು, ಮೂರು. ಅಷ್ಟರಲ್ಲಿ ಬಾಗಿಲಿಗೆ ಬಂದ ಒಬ್ಬರು ಟವೆಲ್ಲಿನ ಬೆಲೆ ಕೇಳಿದರು. ಬೆಲೆಯನ್ನು ತೆಲುಗಿನಲ್ಲಿ ಹೇಳಿ, ಬಿಟ್ಟಲ್ಲಿಂದ ಕನ್ನಡದಲ್ಲಿ ಎಣಿಕೆ ಮುಂದುವರಿಸಿದರು. ನಾಲ್ಕು, ಐದು.

ಒಳಕೋಣೆಯಲ್ಲಿ ಮಗಳ ಕೆಲಸ. ಮರದ ಚೌಕಟ್ಟಿಗೆ ಬಿಗಿದು ಕಟ್ಟಿದ ರೇಷ್ಮೆ ರವಿಕೆಯ ತೋಳು. ಅದರ ಮೇಲೆ ಕೊಕ್ಕೆಸೂಜಿಯಿಂದ ಮಣಿ, ಜರಿದಾರ ಕೂಡಿಸುತ್ತಾಳೆ. ಈ ಕಸೂತಿಗೆ ಊರ ದರ್ಜಿಗಳೆಲ್ಲ ‘ಮಗ್ಗಂ ವರ್ಕ್’ ಅನ್ನುತ್ತಾರೆ. ಮದುವೆಯ ಕಾಲದಲ್ಲಿ ಅವಳಿಗೆ ಬಿಡುವೇ ಇಲ್ಲ. ನಮೂನೆಗಳು ಫೋನಿನಲ್ಲಿ ಬರುತ್ತವೆ: ಹೈದರಾಬಾದಿನ ನವಿಲು, ಬೆಂಗಳೂರಿನ ಆನೆ.

“ನನ್ನ ಮಗ್ಗ ಈಕಿಗೆ ಬ್ಯಾಡಾತು,” ಅಂದರು ಅಪ್ಪ.

“ನಂದೂ ಮಗ್ಗನೇ ಅಲ್ಲೇನಪ್ಪ?” ಅಂದಳು ಮಗಳು. ಆಮೇಲೆ ನನ್ನ ಕಡೆ ತಿರುಗಿ, ಫೋನಿನ ನವಿಲಿಗೆ ಬಣ್ಣ ಹೇಳಿರುವುದಿಲ್ಲ, ಬಣ್ಣ ಅವ್ವನ್ನೇ ಕೇಳುತ್ತೇನೆ ಎಂದಳು. ಚೌಕಟ್ಟಿನ ಮೇಲಿನ ನವಿಲನ್ನು ಮತ್ತೆ ನೋಡಿದೆ. ಹಸಿರಿಗೂ ಕೆಂಪಿಗೂ ನಡುವೆ ತೆಳ್ಳನೆಯ ಬಿಳಿಯ ಸಾಲೊಂದಿತ್ತು.

ಇವರಾರೂ ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳಲಿಲ್ಲ. ನಾನು ಆ ಪದ ಬಳಸಿದಾಗಲೆಲ್ಲ ಮಾತು ಬೇರೆ ಕಡೆ ಹೊರಳಿತು. ಕಮಾನು, ಉಸಿರು, ಎಳೆ ಎಂದಾಗ ಮಾತ್ರ ಬಾಯಿ ಬಿಟ್ಟರು. ನಮ್ಮ ಪತ್ರಿಕೆಗಳು ವಿನ್ಯಾಸದ ಬಗ್ಗೆ ಬರೆಯುವಾಗ ಪರದೇಶದ ಪದಗಳನ್ನು ಹುಡುಕುತ್ತವೆ. ಆ ಪದಗಳು ಇಲ್ಲಿ ಕೂತಿವೆ, ಮಗ್ಗದ ಕುಣಿಯಲ್ಲಿ, ಸೀಸದ ಖಾನೆಯಲ್ಲಿ. ಮಗ್ಗ ನಿಂತ ಮನೆಯಲ್ಲಿ ಮೊದಲು ಹೋಗುವುದು ಈ ಮಾತು. ಬಟ್ಟೆ ಇನ್ನೆಲ್ಲಿಂದಲಾದರೂ ಬರುತ್ತದೆ.

ಮರುದಿನ ಕೋಸಿಗಿ ಸ್ಟೇಷನ್ನಿನಲ್ಲಿ ರಾಯಚೂರು ಕಡೆಯ ರೈಲಿಗೆ ಕಾಯುತ್ತಿದ್ದೆ. ಪ್ಲಾಟ್‌ಫಾರಂ ಆಚೆ, ಬೇವಿನ ನೆರಳಲ್ಲಿ ಒಬ್ಬ ಅಜ್ಜಿ ಕೌದಿ ಹೊಲಿಯುತ್ತಿದ್ದರು. ಹಳೆಯ ಸೀರೆ, ಲುಂಗಿ, ಶಾಲೆಯ ಅಂಗಿಯ ತುಂಡುಗಳು. ಅಂಚಿನಿಂದ ಹೊರಟ ಬಿಳಿ ದಾರದ ಹೊಲಿಗೆ ಸುತ್ತಿ ಸುತ್ತಿ ನಡುವಿಗೆ ಬರುತ್ತಿತ್ತು. ಹತ್ತಿರ ಹೋಗಿ ಕೂತೆ. ಒಂದು ತುಂಡಿನಲ್ಲಿ ನೀಲಿ, ಬಿಳಿ, ಕೆಂಪಿನ ಚೌಕಳಿ.

“ಇದು ಎಮ್ಮಿಗನೂರಿಂದೇನವ್ವ?”

“ಹೌದ. ನನ್ನ ಲಗ್ಗನದಾಗ ತಂದ ದುಪ್ಪಟಿ. ಉಳದಿದ್ದೆಲ್ಲ ಹರದೋತು, ಇದೊಂದು ಮೂಲಿ ಉಳೀತು. ಎಲ್ಲಿಗೆ ಹಚ್ಚಲಿ ಅಂತ ನೋಡಾಕತ್ತೀನಿ.”

ಆ ತುಂಡನ್ನು ಕೌದಿಯ ಒಂದು ಮೂಲೆಗಿಟ್ಟರು, ತೆಗೆದರು, ಕೆಂಪು ಸೀರೆಯ ಪಕ್ಕಕ್ಕಿಟ್ಟರು, ತಲೆ ಅಲ್ಲಾಡಿಸಿದರು. ಬುಟ್ಟಿಯಲ್ಲಿ ಕೈಯಾಡಿಸಿ ಬೆರಳಗಲದ ಬಿಳಿ ಪಂಚೆಯ ಚೂರು ಹುಡುಕಿ ತೆಗೆದು ಎರಡರ ನಡುವೆ ಇಟ್ಟರು. ರೈಲು ಬರುವ ಗಂಟೆಯಾಯಿತು. ಅಜ್ಜಿ ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು.