ಚಿತ್ರಾನ್ನಕ್ಕೆ ಇಡೀ ಕಡಲೆಬೀಜ ಬೇಡ

ನರ್ಸರಿ ಮಗುವಿನ ಡಬ್ಬಿಗೆ ಏನು ಹಾಕಲಿ ಎಂಬ ಪ್ರಶ್ನೆ ದಿನಾ ಬೆಳಿಗ್ಗೆ ಏಳುತ್ತದೆ. ಅದಕ್ಕೂ ಮುಂಚೆ, ಆ ತುತ್ತು ಬಾಯಿಗೆ ಹೋಗುವಾಗ ಮಗುವಿನ ಪಕ್ಕದಲ್ಲಿ ಯಾರಿರುತ್ತಾರೆ ಎಂದು ಕೇಳಿಕೊಳ್ಳಬೇಕು. ಮನೆಯಲ್ಲಿ ಅಮ್ಮನೋ ಅಜ್ಜಿಯೋ ಒಗ್ಗರಣೆಯ ಮೆಣಸಿನಕಾಯಿ, ಕರಿಬೇವು ಬದಿಗಿಟ್ಟು, ಕಲಸಿ ತಿನ್ನಿಸುತ್ತಾರೆ. ಶಾಲೆಯಲ್ಲಿ ಒಬ್ಬ ಟೀಚರು, ಒಬ್ಬ ಆಯಾ, ಕೋಣೆ ತುಂಬ ಮಕ್ಕಳು. ಮಗು ಹರಟುತ್ತ, ನಗುತ್ತ, ಪಕ್ಕದ ಡಬ್ಬಿ ಇಣುಕುತ್ತ ತಾನೇ ತಿನ್ನುತ್ತದೆ.

ಚಿತ್ರಾನ್ನವನ್ನೇ ನೋಡಿ. ಬೆಳಗಿನ ಅವಸರಕ್ಕೆ ಅದಕ್ಕಿಂತ ಸಲೀಸಾದ ತಿಂಡಿಯಿಲ್ಲ. ಆದರೆ ಅದರೊಳಗೆ ಹುರಿದ ಕಡಲೆಬೀಜವಿದೆ, ಕರುಕುರು ಕಡಲೆಬೇಳೆಯಿದೆ. ಹಿಂದಿನ ದವಡೆ ಹಲ್ಲು ಪೂರ್ತಿ ಬರುವುದೇ ಎರಡೂವರೆ, ಮೂರು ವರ್ಷಕ್ಕೆ. ಗಟ್ಟಿ ಕಾಳು ಚೆನ್ನಾಗಿ ಅಗಿಯಲು ಕಲಿಯುವುದು ಇನ್ನೂ ತಡ. ನಗುವಾಗ ಎಳೆದ ಉಸಿರಿನೊಂದಿಗೆ ಬೀಜ ಶ್ವಾಸನಾಳಕ್ಕೆ ಜಾರಬಹುದು. ನಮ್ಮ ದೇಶದಲ್ಲಿ ಪುಟ್ಟ ಮಕ್ಕಳ ಶ್ವಾಸನಾಳದಿಂದ ವೈದ್ಯರು ಹೊರತೆಗೆಯುವ ಪದಾರ್ಥಗಳಲ್ಲಿ ಕಡಲೆಬೀಜ ಮುಂಚೂಣಿಯಲ್ಲಿದೆ. ಐದು ವರ್ಷ ತುಂಬುವ ತನಕ ಇಡೀ ಬೀಜ ಖಂಡಿತ ಬೇಡ. ಹುರಿದು, ಪುಡಿ ಮಾಡಿ ಬೆರೆಸಿದರೆ ರುಚಿ ಎಲ್ಲೂ ಹೋಗುವುದಿಲ್ಲ. (ತರಗತಿಯಲ್ಲಿ ಕಡಲೆಬೀಜದ ಅಲರ್ಜಿಯ ಮಗುವಿದ್ದರೆ ಪುಡಿಯೂ ಬೇಡ, ಟೀಚರನ್ನು ಮೊದಲೇ ಕೇಳಿ.) ದ್ರಾಕ್ಷಿಯನ್ನು ಉದ್ದುದ್ದ ನಾಲ್ಕಾಗಿ ಸೀಳಿ. ಕ್ಯಾರೆಟ್ ಹಸಿಯಾಗಿದ್ದರೆ ತುರಿಯಿರಿ, ಇಲ್ಲವೇ ಮೆತ್ತಗೆ ಬೇಯಿಸಿ.

ಚಿತ್ರಾನ್ನದ ಇನ್ನೊಂದು ಆತಂಕ ಅನ್ನದ್ದೇ. ರಾತ್ರಿ ಮಿಕ್ಕ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕುವುದು ಎಷ್ಟೋ ಮನೆಗಳ ರೂಢಿ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಅನ್ನ ರಾತ್ರಿಯಿಡೀ ಹೊರಗಿದ್ದರೆ ಅವು ಬೆಳೆದು ವಿಷ ಬಿಡುತ್ತವೆ. ಆ ವಿಷವನ್ನು ಮತ್ತೆ ಬಿಸಿ ಮಾಡಿಯೋ ನಿಂಬೆಹಣ್ಣು ಹಿಂಡಿಯೋ ಕಳೆಯಲಾಗದು. ಮಗುವಿನ ಡಬ್ಬಿಗೆ ಬೆಳಿಗ್ಗೆ ಮಾಡಿದ ಅನ್ನವೇ ಇರಲಿ. ತಟ್ಟೆಗೆ ಹರವಿ, ಹಬೆ ಆರಿದ ಮೇಲೆ ತುಂಬಿ. ಬಿಸಿಯಲ್ಲೇ ಮುಚ್ಚಳ ಹಾಕಿದರೆ ಒಳಗೆ ನೀರಾಡಿ ಬೇಗ ಹಳಸುತ್ತದೆ. ಹಸಿ ತೆಂಗಿನಕಾಯಿ ಚಟ್ನಿಯನ್ನು ಬೇಸಿಗೆಯಲ್ಲಂತೂ ಬಿಟ್ಟುಬಿಡಿ. ಮೊಸರನ್ನಕ್ಕೆ ನಮ್ಮ ಅಜ್ಜಿಯರ ಉಪಾಯವೇ ಸರಿ: ಮೆತ್ತಗಿನ ಅನ್ನಕ್ಕೆ ಕಾಯಿಸಿ ಆರಿಸಿದ ಹಾಲು, ಒಂದು ಚಮಚ ಮೊಸರು. ತಿನ್ನುವ ಹೊತ್ತಿಗೆ ಹುಳಿ ಏರಿರುವುದಿಲ್ಲ.

ಪೌಷ್ಟಿಕತೆಗೆ ದೂರ ಹೋಗಬೇಕಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಈ ಅಂಕಿ ನೋಡಿದ ಮೇಲೂ ಬಿಸ್ಕತ್ತಿನ ಪೊಟ್ಟಣ ಇಟ್ಟು ಕಳಿಸಲು ಮನಸ್ಸು ಹೇಗೆ ಬಂದೀತು? ನುಗ್ಗೆಸೊಪ್ಪು ಸಣ್ಣಗೆ ಹೆಚ್ಚಿ ಹಾಕಿದ ರಾಗಿ ದೋಸೆ, ಸಬ್ಬಸಿಗೆಯ ಮೆತ್ತನೆ ಅಕ್ಕಿ ರೊಟ್ಟಿ, ಹೆಸರುಬೇಳೆ ಪೊಂಗಲ್, ಇಡ್ಲಿ ಎಲ್ಲವೂ ಕೈಗೆಟುಕುವಂಥವೇ. ಜೊತೆಗೆ ಒಂದೆರಡು ತೊಳೆ ಕಿತ್ತಳೆ, ಬೀಜ ಬಿಡಿಸಿ ಚೂರು ಮಾಡಿದ್ದು. ಅದರ ಸಿ ವಿಟಮಿನ್ ಸೊಪ್ಪಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ.

ಡಬ್ಬಿ ಸ್ಟೀಲಿನದಾಗಿರಲಿ, ಮಗುವೇ ತೆಗೆಯುವಂತಿರಲಿ. ಕೊಂಡ ದಿನ ಖಾಲಿ ಡಬ್ಬಿ ಕೊಟ್ಟು ಮನೆಯಲ್ಲೇ ತೆರೆಸಿ ನೋಡಿ. ತುಂಬಿದ ಡಬ್ಬಿ ಹಾಗೇ ವಾಪಸ್ ಬಂದರೆ ಗದರಬೇಡಿ. ಎಷ್ಟೋ ಸಲ ಮುಚ್ಚಳ ಬಿಗಿಯಾಗಿರುತ್ತದೆ, ನಾಚಿಕೆಯ ಮಗು ಟೀಚರನ್ನು ಕರೆದಿರುವುದಿಲ್ಲ. ಮುಚ್ಚಳದೊಳಗಿನ ರಬ್ಬರ್ ಉಂಗುರವನ್ನು ದಿನಾ ಬಿಚ್ಚಿ ತೊಳೆದು ಒಣಗಿಸಿ.